ಚಿತ್ರ ಏಳು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ
ನನ್ನ ಡಿಟಿಪಿ ಅಂಗಡಿ. ಒಂದು ಕಂಪ್ಯೂಟರು, ಒಂದು ಫ್ಯಾನು.
ಬೆಂದ ಹುಳುವಿನ ವಾಸನೆಯೂ ಇಲ್ಲೇ ಇದೆ,
ಬಾಡಿಗೆ ಮಾತ್ರ ನಾನೊಬ್ಬಳೇ ಕಟ್ಟುತ್ತೇನೆ.

ಹರಾಜು ಮೊಬೈಲಿಗೆ ಬಂತು; ರೀಲರುಗಳಿಗೊಂದು ಕೈಪಿಡಿ ಬೇಕಂತೆ.
ಇಪ್ಪತ್ತನಾಲ್ಕು ಪುಟ, ಸಾವಿರ ಪ್ರತಿ, ಒಂದೇ ಬಣ್ಣ, ಕಪ್ಪು.

ಪರದೆಯ ಚಿತ್ರಗಳನ್ನು ಚಾಂದ್ ಪಾಷ
ವಾಟ್ಸಾಪಿನಲ್ಲಿ ಅಟ್ಟಿದ್ದ.
ದಾರಿಯಲ್ಲೇ ಅರ್ಧ ಸೋರಿಹೋಗಿದ್ದವು, ನನಗೆ ತಿಳಿಯಲಿಲ್ಲ.
ಕಂಪ್ಯೂಟರಿನಲ್ಲಿ ಎಲ್ಲ ಲಕಲಕ.
ಅಕ್ಕಲಪ್ಪನ ಪ್ರೆಸ್ಸಿನಿಂದ ಪ್ರೂಫು ಬಂದರೆ
ಲಾಟ್ ನಂಬರು ಇರಬೇಕಾದಲ್ಲಿ
ಒದ್ದೆ ಬೂದಿ ಮೆತ್ತಿದ ಹಾಗೆ.

“ನಿನ್ನ ಪರದೆಗೆ ಅಂಗುಲಕ್ಕೆ ನೂರು ಚುಕ್ಕಿ ಹಾಕಿದರೂ ನಗ್ತದೆ ಕಣಮ್ಮ,
ನನ್ನ ಕಾಗದ ಮುನ್ನೂರು ತಿಂತದೆ,” ಅಂದ ಅಕ್ಕಲಪ್ಪ,
ಕನ್ನಡಕ ಹಣೆಗೇರಿಸಿ.

ಹಿಗ್ಗಿಸಿದೆ. ಚುಕ್ಕಿ ಹೆಚ್ಚಲಿಲ್ಲ,
ಇದ್ದವೇ ಊದಿ ಇಟ್ಟಿಗೆಯಾದವು.
ಗೂಡಿನಲ್ಲಿಲ್ಲದ ನೂಲನ್ನು ಎಳೆಯಲಾಗದು ಅಂತ
ಈ ಊರಲ್ಲಿ ಹುಟ್ಟಿದವಳಿಗೆ ಯಾರೂ ಹೇಳಬೇಕಿರಲಿಲ್ಲ.
ಆದರೂ ಎರಡು ದಿನ ಎಳೆದೆ.

ಮತ್ತೆ ಮೊದಲಿನಿಂದ. ಅವನ ಫೋನನ್ನೇ ತರಿಸಿ
ಕೇಬಲ್ಲು ಚುಚ್ಚಿ ಮೂಲ ಕಡತ ಇಳಿಸಿಕೊಂಡೆ.
ಕತ್ತಲೆ ಹಿನ್ನೆಲೆಯನ್ನು ಬಿಳಿ ಮಾಡಿಸಿ
ಅಕ್ಷರ ಒಂದು ಮೆಟ್ಟಿಲು ಏರಿಸಿ, ಹೊಸದಾಗಿ ತೆಗೆಸಿದೆ.
ಮೇಲಿನ ಪಟ್ಟಿಯಲ್ಲಿ ಬ್ಯಾಟರಿ ಒಂಬತ್ತು,
ಪಕ್ಕದಲ್ಲಿ ‘ಅಮ್ಮಿ, ಮೂರು ಮಿಸ್ಡ್ ಕಾಲ್’.
ಕತ್ತರಿಸುವ ಮುಂಚೆ ಅವನಿಗೆ ಹೇಳಿದೆ:
ಮೊದಲು ಮನೆಗೆ ಮಾತಾಡು.

ಹಸಿರು ಗುಂಡಿ ‘ಒಪ್ಪಿಗೆ’, ಕೆಂಪು ಗುಂಡಿ ‘ತಿರಸ್ಕಾರ’.
ಕಪ್ಪು ಮಸಿಯಲ್ಲಿ ಎರಡೂ ಒಂದೇ ಬೂದು,
ಅವಳಿಗಳು; ಯಾವುದನ್ನು ಒತ್ತಿದರೆ ಮನೆ ಉಳಿಯುತ್ತದೋ!
ನನ್ನ ಕೆಂಪು ಬಾಣವೂ ಅದೇ ಬೂದಿನಲ್ಲಿ ಮುಳುಗಿತ್ತು.
ಬಾಣ ಕಿತ್ತು, ಕಪ್ಪು ದುಂಡಿನೊಳಗೆ ಬಿಳಿ ಅಂಕಿ ಕೂರಿಸಿದೆ,
೧, ೨, ೩.

ನಿಜವಾದ ರೈತನ ಹೆಸರು, ನಂಬರು ಅಚ್ಚಾಗಬಾರದಲ್ಲ,
ತಾಲ್ಲೂಕಿನಲ್ಲೇ ಇಲ್ಲದ ಒಬ್ಬನನ್ನು ಹುಟ್ಟಿಸಿದೆ:
ಮಾದರಿ ಗಂಗುಲಪ್ಪ. ಲಾಟ್ ನೂರ ಹದಿನಾಲ್ಕು.
ಐವತ್ತೆರಡು ಕಿಲೊ, ಮಿಶ್ರತಳಿ.

ಬೆಲೆಯ ಹತ್ತಿರ ಬೆರಳು ನಿಂತಿತು.
ಹೆಚ್ಚು ಹಾಕಿದರೆ ಸಾವಿರ ಪ್ರತಿಯಲ್ಲಿ ಸಾವಿರ ಆಸೆ.
ಕಡಿಮೆ ಹಾಕಿದರೆ ಗಂಗುಲಪ್ಪನಿಗೆ ಅವಮಾನ,
ಇಲ್ಲದವನಾದರೇನು.
ಸೊನ್ನೆ ಹಾಕಿದೆ.

ಹೊಸ ಪ್ರೂಫನ್ನು ಹಮೀದಾ ಬೀ ಮುಂದಿಟ್ಟೆ.
ಮೂವತ್ತು ವರ್ಷ ಬಿಸಿನೀರಿನ ಬಾಣಲೆಯಲ್ಲಿ ಎಳೆ ಹುಡುಕಿದ ಬೆರಳುಗಳು,
ಬೆಳ್ಳಗೆ, ಗೆರೆ ಅಳಿಸಿ;
ಫೋನು ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ,
ಮಗಳ ಹೆಬ್ಬೆಟ್ಟು ಸಾಲ ತರಬೇಕು.
ಅಕ್ಷರ ಬಾರದು. ಚಿತ್ರಗಳನ್ನು ಒಂದೊಂದೇ
ಮೂಗಿನ ಹತ್ತಿರ ಹಿಡಿದು ನೋಡಿದರು.
ಏಳನೆಯದರಲ್ಲಿ ನಿಂತರು.

“ಸೊನ್ನೆಗೆ ಗೂಡು ಕೊಡ್ತಾನಾ? ಯಾರಮ್ಮ ಈ ನವಾಬ?”
ಆಮೇಲೆ, ದನಿ ತಗ್ಗಿಸಿ:
“ಇವತ್ತಿನ ರೇಟು ಹಾಕು. ನಾಳೆಗೆ ಹಳೇದಾಗ್ತದೆ, ಆಗ್ಲಿ ಬಿಡು.
ರೇಟು ಹಳೇದಾಗ್ತದೆ ಅಂತ ನಮಗೆ ಗೊತ್ತಿಲ್ವಾ?”

ಐನೂರ ಹದಿನೇಳು ಅಂತ ಹಾಕಿದೆ.

ಅವರು ಹಾಳೆಯನ್ನು ಮೇಜಿನ ಮೇಲೆ ಹರಡಿ,
ಮೂರನೆಯ ದುಂಡನ್ನು ಹುಡುಕಿ,
ಅದರ ಪಕ್ಕದ ಗುಂಡಿಯನ್ನು ತೋರುಬೆರಳಿನಿಂದ ಒತ್ತಿದರು.
ಕಾದರು. ಇನ್ನೊಮ್ಮೆ ಒತ್ತಿದರು.
ನನ್ನ ಎದೆ ಧಸಕ್ಕೆಂದಿತು.
ಇಷ್ಟು ಸ್ಪಷ್ಟ ಮಾಡಿದ್ದೇ ತಪ್ಪಾಯಿತೇ?

ಹಮೀದಾ ಬೀ ತಲೆಯೆತ್ತಿ,
ದುಪಟ್ಟಾದ ಅಂಚಿನಲ್ಲಿ ನಗು ಅಮುಕಿ, ಅಂದರು:
“ನೆಟ್‌ವರ್ಕ್ ಇಲ್ಲ.”

ಗುಂಡಿಯ ಮೇಲೆ ಒದ್ದೆ ಬೆರಳಿನ ಗುರುತು ಉಳಿದಿತ್ತು,
ಗೆರೆಗಳಿಲ್ಲದ್ದು.
ಆ ಹಾಳೆಯನ್ನು ಅಕ್ಕಲಪ್ಪನಿಗೆ ಕೊಡಲಿಲ್ಲ.
ಇನ್ನೊಂದು ತೆಗೆದು ಕಳಿಸಿದೆ.